ಕ್ಲಾರಾಳ ಮೊದಲ ಮೇಜು

ನಮ್ಮಲ್ಲಿ ಒಬ್ಬ ಮನುಷ್ಯನಿಗೆ ಬದುಕಿನಲ್ಲಿ ಮೂರು ಸಲ ಮೇಜು ಹಾಕುತ್ತಾರೆ, ಅಂದರೆ ಮೇಜಿನ ತುಂಬ ತಿನಿಸು ಜೋಡಿಸಿ, ಊರನ್ನು ಕರೆದು ಹಬ್ಬ ಮಾಡುತ್ತಾರೆ. ಮಗುವಿಗೆ ವರ್ಷ ತುಂಬಿದ ದಿನ ಒಂದು, ಮದುವೆಗೆ ಒಂದು, ಅರವತ್ತು ತುಂಬಿದಾಗ ಒಂದು. ಮೊದಲನೆಯದು ತಪ್ಪಿದರೆ ಉಳಿದೆರಡೂ ಇಲ್ಲ. ಇದನ್ನು ಯಾರು ಎಲ್ಲಿ ಬರೆದಿಟ್ಟರೋ ಗೊತ್ತಿಲ್ಲ. ಆದರೆ ಚಿರ್ಚಿಕ್ ನದಿಯ ದಡದ ಕೊರಿಯನ್ ಸಾಮೂಹಿಕ ಫಾರ್ಮುಗಳಲ್ಲಿ ಪಕ್ಷದ ಕಾರ್ಯದರ್ಶಿಯಿಂದ ಹಿಡಿದು ಹಂದಿ ಕಾಯುವವನ ತನಕ ಎಲ್ಲರೂ ಇದಕ್ಕೆ ತಲೆಬಾಗುತ್ತಾರೆ. ನಾನು ನೊಗಾಯ್ ಮನೆಗೆ ಸೊಸೆಯಾಗಿ ಬಂದ ಎರಡನೇ ವರ್ಷ, ಅಂದರೆ ಐವತ್ತೇಳರಲ್ಲಿ, ಈ ಮೇಜಿನ ದೆಸೆಯಿಂದ ಐದು ವಾರ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲ. ಉಂಡರು, ಹೊಟ್ಟೆ ತುಂಬ ಉಂಡರು. ನೆಮ್ಮದಿಯಾಗಿ ಅಲ್ಲ ಅಷ್ಟೇ.

ಸೆಪ್ಟೆಂಬರಿನ ಎರಡನೇ ಭಾನುವಾರ ಖೆಗಾಯ್ ಮನೆಯವರು ನನ್ನ ನಾದಿನಿ ಕ್ಲಾರಾಳನ್ನು ಕೇಳಲು ಬಂದರು. ಹುಡುಗ ಅಫನಾಸಿ ಕಾಲುವೆಯಾಚೆಯ ಫಾರ್ಮಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕ್ಲಾರಾ ನಮ್ಮ ಫಾರ್ಮಿನ ಆಸ್ಪತ್ರೆಯಲ್ಲಿ ನರ್ಸ್. ಬೆರಳಿಗೆ ಗಾಯವಾಗಿದೆಯೆಂದು ಬಂದ ಹುಡುಗ ಬೆರಳು ವಾಸಿಯಾದ ಮೇಲೂ ಆರು ತಿಂಗಳು ಬ್ಯಾಂಡೇಜು ಕಟ್ಟಿಸಿಕೊಂಡು ಹೋಗುತ್ತಿದ್ದ. ಅವನ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಸಾಕಿದವಳು ಅಜ್ಜಿ, ಖೆಗಾಯ್ ಅಜ್ಜಿಯೆಂದೇ ಎರಡೂ ದಡದಲ್ಲಿ ಹೆಸರು. ಮಾತಿನಲ್ಲಿ ಎತ್ತಿದ ಕೈ.

ನನ್ನ ಗಂಡ ಗುತ್ತಿಗೆ ಹೊಲದಲ್ಲಿ ಈರುಳ್ಳಿ ಬೆಳೆಯಲೆಂದು ಉತ್ತರದ ಕಡೆ ಹೋಗಿದ್ದ. ವರ್ಷದಲ್ಲಿ ಏಳು ತಿಂಗಳು ಹೀಗೆ ಹೋಗುತ್ತಿದ್ದುದರಿಂದ ಗಂಡನಿಗಿಂತ ಗಂಡನ ಅಜ್ಜಿಯ ಪರಿಚಯವೇ ನನಗೆ ಹೆಚ್ಚಾಗಿತ್ತು. ಆ ದಿನ ಅಡುಗೆಯೆಲ್ಲ ನನ್ನದೇ. ತಣ್ಣನೆಯ ಸಾರಿಗೆ ಶಾವಿಗೆ ಹಾಕಿ, ಮೇಲೆ ಸೌತೆಕಾಯಿ, ಮಾಂಸ, ಮೊಟ್ಟೆ ಇಟ್ಟು ಎಲ್ಲರ ಮುಂದೆ ಬಟ್ಟಲಿಟ್ಟೆ. ಖೆಗಾಯ್ ಅಜ್ಜಿ ಎರಡು ಬಟ್ಟಲು ಮುಗಿಸಿ, ಬಾಯಿ ಒರೆಸಿಕೊಂಡು ವಿಷಯಕ್ಕೆ ಬಂದಳು.

"ಹುಡುಗಿ ಮೊದಲ ಮೇಜಿನಲ್ಲಿ ಏನು ಹಿಡಿದಿದ್ಲು?"

ಇದು ಎಲ್ಲ ಕಡೆ ಕೇಳುವ ಪ್ರಶ್ನೆ. ಮಗುವಿನ ಮುಂದೆ ಅಕ್ಕಿ, ನೂಲು, ಕತ್ತರಿ, ಪುಸ್ತಕ, ಪೆನ್ಸಿಲ್ ಎಲ್ಲ ಇಟ್ಟಿರುತ್ತಾರೆ. ಮೊದಲ ಮೂರು ಸಲ ಅದು ಏನನ್ನು ಹಿಡಿಯುತ್ತದೋ ಅದೇ ಅದರ ಬಾಳು. ಕತ್ತರಿಯಾದರೆ ಹೊಲಿಗೆಯ ಜಾಣತನ, ನೂಲಾದರೆ ದೀರ್ಘಾಯಸ್ಸು, ಪುಸ್ತಕವಾದರೆ ಓದು.

ನಮ್ಮ ಅಜ್ಜಿ, ಮಾವನ ತಾಯಿ, ಎಪ್ಪತ್ನಾಲ್ಕು ವರ್ಷದ ಪಿಲ್ನ್ಯೋ, ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಡದೆ ಹೇಳಿದರು. "ಕತ್ತರಿ. ಮೊದಲು ಕತ್ತರಿ, ಆಮೇಲೆ ನೂಲು, ಆಮೇಲೆ ಅಕ್ಕಿ. ನೋಡ್ದೋರೆಲ್ಲ ಬಾಯಿ ಮೇಲೆ ಕೈ ಇಟ್ಕೊಂಡ್ರು."

ನನಗೆ ನಗು ತಡೆಯುವುದೇ ಕಷ್ಟವಾಯಿತು. ಅಂಗಿಯ ಗುಂಡಿ ಕಿತ್ತುಹೋದರೂ ಕ್ಲಾರಾ ಅದನ್ನು ನನ್ನ ಮುಂದೆ ತಂದು ಹಾಕುವವಳು.

"ನಿಮ್ಮ ಹುಡುಗ?" ಎಂದು ಅಜ್ಜಿ ಕೇಳಿದರು.

"ಪುಸ್ತಕ. ಎರಡು ಕೈಯಲ್ಲೂ ತಬ್ಕೊಂಡ್ಬಿಟ್ಟಿದ್ದ, ಬಿಡಿಸೋಕೇ ಆಗ್ಲಿಲ್ಲ."

ಅಫನಾಸಿಯ ಕಿವಿಗಳು ಕೆಂಪು ಮೂಲಂಗಿಯ ಹಾಗಾದವು. ನಮ್ಮ ಮಾವ ಚಾನ್ಸಿಕ್ ಎಲ್ಲರಿಗೂ ವೋಡ್ಕಾ ಬಗ್ಗಿಸಲು ಹೊರಟರು. ಆಗ ಅತ್ತೆ, ಕ್ಲಾರಾಳ ತಾಯಿ ಬಾನ್ಸುನ್, ಎದ್ದರು. ಶಾವಿಗೆ ಇನ್ನೂ ಉಳಿದಿದ್ದ ಬಟ್ಟಲುಗಳನ್ನೇ ಒಂದರ ಮೇಲೊಂದು ಪೇರಿಸಿಕೊಂಡು ಅಂಗಳಕ್ಕೆ ಹೋದವರು ನೆಂಟರು ಹೊರಡುವ ತನಕ ಒಳಗೆ ಬರಲಿಲ್ಲ. ಮಾತು ಮಾತ್ರ ಗಟ್ಟಿಯಾಯಿತು. ಭತ್ತದ ಕೊಯ್ಲು ಮುಗಿದ ಮೇಲೆ, ನವೆಂಬರಿನಲ್ಲಿ ಮದುವೆ.

ಸಂಜೆ ಊಟಕ್ಕೆ ಕೂತಾಗ ಗಲಾಟೆ ಶುರುವಾಯಿತು. ಅತ್ತೆ ಮಾತು ಕಮ್ಮಿಯ ಹೆಂಗಸು. ಗದ್ದೆಯಲ್ಲಿ ದಿನವಿಡೀ ಕಳೆ ಕಿತ್ತು ಬಂದರೂ ಸೊಂಟ ನೋವೆಂದು ಒಂದು ಸಲ ಅಂದವರಲ್ಲ. ಅವರು ಬಾಯಿ ಬಿಟ್ಟಾಗ ನಾವೆಲ್ಲ ಚಮಚ ನಿಲ್ಲಿಸಿದೆವು.

"ಅತ್ತೆ, ಯಾಕೆ ಸುಳ್ಳು ಹೇಳಿದ್ರಿ?" ಎಂದು ಅಜ್ಜಿಯನ್ನು ಕೇಳಿದರು.

"ಮತ್ತೇನು ಹೇಳ್ಬೇಕಿತ್ತು? ಮೇಜೇ ಹಾಕಿಲ್ಲ, ನಮ್ಮ ಹುಡುಗಿಗೆ ಮದುವೆ ಮೇಜು ಸಲ್ಲಲ್ಲ, ಹೋಗ್ಬನ್ನಿ ಅನ್ನಬೇಕಿತ್ತಾ?"

ಕ್ಲಾರಾ ತಲೆಯೆತ್ತಿದಳು. "ನನಗೆ ಮೇಜು ಹಾಕ್ಲೇ ಇಲ್ವಾ?"

ಮಾವ ಬಟ್ಟಲು ಕೆಳಗಿಟ್ಟರು. "ರೈಲಲ್ಲಿದ್ವಿ ಮಗಳೇ. ಆ ವರ್ಷ ಸರ್ಕಾರದೋರು ನಮ್ಮ ಕೊರಿಯನ್ನರನ್ನೆಲ್ಲ ಪೂರ್ವದ ಕಡಲತೀರದಿಂದ ಎಬ್ಬಿಸಿ ಇಲ್ಲಿಗೆ ಸಾಗಿಸಿದ್ರಲ್ಲ. ಒಂದು ತಿಂಗಳು ಗೂಡ್ಸ್ ಡಬ್ಬಿ. ನಿನಗೆ ವರ್ಷ ತುಂಬಿದ್ದು ಅದರೊಳಗೇ."

"ರೈಲಲ್ಲಿದ್ರೆ ಏನಂತೆ? ಆಸ್ಪತ್ರೆಯ ವೇರಾಗೂ ರೈಲಲ್ಲೇ ತುಂಬಿದ್ದು. ಒಂದು ಹಿಡಿ ಅಕ್ಕಿ ಟ್ರಂಕಿನ ಮೇಲೆ ಹಾಕಿ ಮುಗಿಸಿದ್ರಂತೆ. ನನಗೆ ಒಂದು ಹಿಡಿ ಅಕ್ಕಿಗೂ ಗತಿ ಇರಲಿಲ್ವಾ?"

ಅತ್ತೆಯ ಮುಖ ಸುಣ್ಣದಂತಾಯಿತು. ಸಾರಿನ ಬಟ್ಟಲನ್ನು ಮುಂದಕ್ಕೆ ತಳ್ಳಿ ಹೇಳಿದರು. "ಹಾಕಿದ್ವಿ ಅಂತ ಹೇಳ್ಕೊಂಡು ಮದುವೆ ಮಾಡೋದಾದ್ರೆ ಮಾಡಿ. ಅಡಿಗೆ ಮಾಡ್ಕೊಡ್ತೀನಿ. ನಾನು ಮಾತ್ರ ಅಲ್ಲಿ ಬಂದು ಕೂರಲ್ಲ."

"ಹೆತ್ತ ತಾಯಿ ಕೂರದ ಮದುವೆನಾ? ಊರೋರು ನಮ್ಮ ಮುಖಕ್ಕೆ ಉಗೀತಾರೆ!" ಎಂದು ಅಜ್ಜಿ ರಾಗ ತೆಗೆದರು.

"ಉಗೀಲಿ."

ಅಂದಿನಿಂದ ತಾಯಿ ಮಗಳ ನಡುವೆ ಮಾತು ನಿಂತಿತು. ಇಬ್ಬರ ಮಾತನ್ನೂ ಹೊರುವ ಕತ್ತೆ ನಾನಾದೆ. "ಉಪ್ಪು ಎಲ್ಲಿದೆ ಅಂತ ನಿಮ್ಮತ್ತೆನ ಕೇಳಿ ಅತ್ತಿಗೆ" ಎಂದು ಕ್ಲಾರಾ. "ಉಪ್ಪು ಅದರ ಜಾಗದಲ್ಲೇ ಇದೆ ಅಂತ ನಿನ್ನ ನಾದಿನಿಗೆ ಹೇಳು" ಎಂದು ಅತ್ತೆ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಎರಡು ಮಾರು ದೂರದಲ್ಲಿ.

ಕ್ಲಾರಾ ಪಕ್ಷದ ಯುವಸಂಘದ ಬಿಲ್ಲೆ ಎದೆಗೆ ಚುಚ್ಚಿಕೊಳ್ಳುವ ಹುಡುಗಿ. ಎಲೆಕೋಸು ಹೆಚ್ಚುತ್ತಾ ನನ್ನ ಮುಂದೆ ಭಾಷಣ ಮಾಡಿದಳು. "ಇದೆಲ್ಲ ಮೂಢನಂಬಿಕೆ ಅತ್ತಿಗೆ. ರಿಜಿಸ್ಟರ್ ಕಚೇರಿಗೆ ಹೋದ್ರೆ ಹತ್ತು ನಿಮಿಷ. ಮೇಜೂ ಬೇಡ, ಮದುವೆ ಮೇಜಿನ ಮೇಲೆ ಬಾಯಲ್ಲಿ ಮೆಣಸಿನಕಾಯಿ ಕಚ್ಚಿಸಿ ಕೂರಿಸೋ ಆ ಬೇಯಿಸಿದ ಹುಂಜಾನೂ ಬೇಡ."

"ಸರಿ, ಹಂಗಾದ್ರೆ ಹುಂಜ ಉಳ್ಕೊಂಡ್ತು" ಎಂದೆ.

ಅವಳು ಸ್ವಲ್ಪ ಹೊತ್ತು ಹೆಚ್ಚಿದಳು. ಆಮೇಲೆ ಚಾಕು ಇಟ್ಟು, ಮೂಗು ಒರೆಸಿಕೊಂಡಳು. "ನನಗೆ ಹುಂಜ ಬೇಕು ಅತ್ತಿಗೆ. ಅಮ್ಮನೂ ಪಕ್ಕದಲ್ಲಿ ಕೂತಿರ್ಬೇಕು. ಎಲ್ಲರ ಹುಟ್ಟಿದ ದಿನಕ್ಕೂ ಪಾಯಸ-ಗೀಯಸ ಏನೋ ಒಂದು ಮಾಡ್ತಾರೆ. ನನ್ನ ಹುಟ್ಟಿದ ದಿನ ಅಮ್ಮ ಬೆಳಿಗ್ಗೆ ಎದ್ದು ಗದ್ದೆಗೆ ಹೋಗ್ಬಿಡ್ತಾಳೆ. ಇಪ್ಪತ್ತು ವರ್ಷದಿಂದ್ಲೂ ಹಂಗೇ. ನಾನೇನು ಅವಳಿಗೆ ಬೇಡವಾದೋಳಾ?"

ಎಲೆಕೋಸಿನ ಗಟ್ಟಿ ತಿರುಳನ್ನು ಅವಳ ಬಾಯಿಗಿಟ್ಟೆ. ಅಷ್ಟೇ ನನ್ನಿಂದಾದದ್ದು.

ಸೆಪ್ಟೆಂಬರಿನ ಕೊನೆಯಲ್ಲಿ ಮೆಣಸಿನಕಾಯಿ ಹಣ್ಣಾಯಿತು. ಅಜ್ಜಿ, ಕ್ಲಾರಾ, ನಾನು ಮೂವರೂ ಅಂಗಳದ ಬಿಸಿಲಿಗೆ ಚಾಪೆ ಹಾಕಿ ದಾರಕ್ಕೆ ಮೆಣಸಿನಕಾಯಿ ಪೋಣಿಸುತ್ತಿದ್ದೆವು. ಅತ್ತೆ ಗದ್ದೆಯಲ್ಲಿದ್ದರು. ಅಜ್ಜಿ ಅರ್ಧ ಮಾಲೆ ಪೋಣಿಸಿ ಇದ್ದಕ್ಕಿದ್ದಂತೆ ಶುರು ಮಾಡಿದರು.

"ಅಕ್ಕಿ ಇತ್ತು ಕಣೇ. ಗತಿ ಇಲ್ದೇ ಇರಲಿಲ್ಲ. ಊರು ಬಿಡೋವಾಗ ನಿನ್ನ ಮೇಜಿಗೆ ಅಂತಾನೇ ಎರಡು ಸೇರು ಒಳ್ಳೇ ಅಕ್ಕಿ ನಿಮ್ಮಮ್ಮ ಬೇರೆ ಗಂಟು ಕಟ್ಟಿದ್ಲು. ದಾರೀಲಿ ನಾವೆಲ್ಲ ಜೋಳದ ಗಂಜಿ ಕುಡಿದ್ವಿ, ಆ ಗಂಟು ಮುಟ್ಟೋಕೆ ಬಿಡಲಿಲ್ಲ."

"ಮತ್ತೆ ಏನಾಯ್ತು?"

"ಗಿಲ್ಜುನ್ ಹೋದ."

ಗಿಲ್ಜುನ್ ಎಂದರೆ ನನ್ನ ಗಂಡನ ತಮ್ಮ, ಕ್ಲಾರಾಳ ಚಿಕ್ಕಣ್ಣ. ರೈಲಿನಲ್ಲಿ ತೀರಿಕೊಂಡನೆಂದಷ್ಟೇ ನಮಗೆ ಗೊತ್ತಿತ್ತು.

"ಡಬ್ಬೀಲಿ ದಡಾರ ಬಂತು. ನಾಲ್ಕು ವರ್ಷದ ಮಗು. ನಿನಗೆ ವರ್ಷ ತುಂಬಿದ ದಿನಾನೇ, ಬೆಳಿಗ್ಗೆ. ರೈಲು ಎಲ್ಲೋ ಬಯಲಲ್ಲಿ ನಿಂತಿತ್ತು. ನಿಮ್ಮಪ್ಪ ಇನ್ನಿಬ್ಬರ ಜೊತೆ ಹಳಿ ಪಕ್ಕದಲ್ಲೇ ಅಗೆದ್ರು. ಬರಿಗೈಯಲ್ಲಿ ಹೆಂಗೆ ಕಳಿಸೋದು? ಸತ್ತೋರ ಮುಂದೆ ಅನ್ನ ಇಡ್ಬೇಕಲ್ಲ. ನಿಮ್ಮಮ್ಮ ಆ ಗಂಟು ಬಿಚ್ಚಿದ್ಲು. ಹಳಿ ಪಕ್ಕ ಮೂರು ಕಲ್ಲಿಟ್ಟು ಬೇಯಿಸಿದ್ವಿ. ಒಂದು ಅಗುಳೂ ಉಳಿಸದೆ ಅವನ ಮುಂದೆ ಇಟ್ಲು. ಅಷ್ಟರಲ್ಲಿ ರೈಲು ಕೂಗಿತು."

ಕ್ಲಾರಾಳ ಕೈಯಲ್ಲಿದ್ದ ಸೂಜಿ ನಿಂತಿತು.

"ಅವನಿಗೆ ಮೊದಲ ಮೇಜು ಹಾಕಿದ್ವಿ, ಗೊತ್ತಾ? ಇಡೀ ಊರು ಉಂಡಿತ್ತು. ನೂಲು ಹಿಡಿದಿದ್ದ. ನೂರು ವರ್ಷ ಆಯಸ್ಸು ಅಂದಿದ್ರು ಎಲ್ಲ" ಎಂದು ಅಜ್ಜಿ ಮೆಣಸಿನಕಾಯಿ ಮುಟ್ಟಿದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಆಮೇಲೆ ಉರಿ ತಾಳಲಾರದೆ ಕಿರುಚಾಡಿ, ನಾನು ನೀರು ತಂದು ಮುಖ ತೊಳೆಸಿ, ನನಗೇ ನಾಲ್ಕು ಬೈಗುಳ ಬಿದ್ದು, ಅಳು ಅಲ್ಲಿಗೆ ಮುಗಿಯಿತು.

ಸಂಜೆ ಅತ್ತೆ ಗದ್ದೆಯಿಂದ ಬಂದಾಗ ಕ್ಲಾರಾ ಬಾಗಿಲಲ್ಲೇ ನಿಂತಿದ್ದಳು. ಅವರ ಕೆಸರಿನ ಬೂಟನ್ನು ತಾನೇ ಎಳೆದು ತೆಗೆದಳು. "ಉಪ್ಪು ಅದರ ಜಾಗದಲ್ಲೇ ಇದೆ, ನೋಡ್ದೆ" ಎಂದಳು. ಅತ್ತೆ ಅವಳ ಮುಖ ನೋಡಿದರು, ಒಳಗಿದ್ದ ಅಜ್ಜಿಯ ಊದಿದ ಕಣ್ಣು ನೋಡಿದರು. ಏನು ನಡೆದಿದೆಯೆಂದು ಅವರಿಗೆ ತಿಳಿಯಿತು. ಆದರೂ ಕೂರುವುದಿಲ್ಲವೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಕ್ಟೋಬರಿನ ಮೊದಲ ವಾರ ರೇಡಿಯೋದಲ್ಲಿ ನಮ್ಮ ದೇಶದವರು ಆಕಾಶಕ್ಕೆ ಉಪಗ್ರಹದ ಗೋಳ ಹಾರಿಸಿದ ಸುದ್ದಿ ಬಂತು. ಮಾವನಿಗೆ ಹಿಡಿಸಲಾರದಷ್ಟು ಸಂಭ್ರಮ. "ಭೂಮಿನೇ ಸುತ್ತು ಹಾಕ್ತಿದೆಯಂತೆ! ಇಲ್ಲಿ ನೀವು ಕತ್ತರಿ, ನೂಲು ಅಂತ ಕಚ್ಚಾಡ್ತಾ ಕೂತಿದೀರಿ."

"ಅದಕ್ಕೂ ಮೊದಲ ಮೇಜು ಹಾಕೇ ಕಳಿಸಿರ್ತಾರೆ. ಸುಮ್ನೆ ಉಣ್ಣು" ಎಂದರು ಅಜ್ಜಿ.

ನಮಗೆಲ್ಲ ನಗು ಬಂತು. ಅತ್ತೆಗೂ ಬಂತೆಂದು ಕಾಣುತ್ತದೆ, ತಲೆ ತಗ್ಗಿಸಿದರು. ನಗು ನಿಂತ ಮೇಲೆ, "ನಾಳೆ ಖೆಗಾಯ್ ಮನೆಗೆ ಹೋಗ್ತೀನಿ. ನಿಜ ಹೇಳ್ಬಿಡ್ತೀನಿ" ಎಂದರು.

ಅಜ್ಜಿ ಎದೆ ಬಡಿದುಕೊಂಡರು. "ಮದುವೆ ಮುರೀತೀಯ, ಮಗಳನ್ನ ಮನೇಲಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯ?"

"ಹೋಗ್ಲಿ ಬಿಡಿ ಅಜ್ಜಿ" ಎಂದಳು ಕ್ಲಾರಾ. "ಅಮ್ಮ ಹೇಳ್ಲಿ. ಮುರಿದ್ರೆ ಮುರೀಲಿ."

ಮರುದಿನ ಅತ್ತೆ ಒಳ್ಳೆಯ ಬಟ್ಟೆ ಉಟ್ಟರು. ಬರಿಗೈಯಲ್ಲಿ ಹೋಗಬಾರದೆಂದು ನಾನು ಎಲೆಕೋಸು ತುಂಬಿ ಆವಿಯಲ್ಲಿ ಬೇಯಿಸಿದ ಕಡುಬಿನ ಪಾತ್ರೆ ಹಿಡಿದು ಹಿಂದೆ ನಡೆದೆ. ಕಾಲುವೆ ಏರಿಯ ಮೇಲೆ ಒಂದು ಗಂಟೆಯ ದಾರಿ. ಅತ್ತೆ ಆಡಿದ್ದು ಒಂದೇ ಮಾತು, "ಕಡುಬಿಗೆ ಮೆಣಸು ಜಾಸ್ತಿ ಹಾಕಿದೀಯ."

ಖೆಗಾಯ್ ಅಜ್ಜಿ ಅಡಿಯಿಂದ ಬೆಂಕಿ ಕೊಟ್ಟು ಬೆಚ್ಚಗಿಟ್ಟ ನೆಲದ ಮೇಲೆ ಕೂತು ಸೋಯಾ ಕಾಳು ಆರಿಸುತ್ತಿದ್ದಳು. ಅತ್ತೆ ಕೂತವರೇ ಪೀಠಿಕೆಯಿಲ್ಲದೆ ಹೇಳಿದರು. "ನಮ್ಮತ್ತೆ ಹೇಳಿದ್ದು ಸುಳ್ಳು. ಕ್ಲಾರಾಗೆ ಮೊದಲ ಮೇಜು ಹಾಕಿಲ್ಲ." ಆಮೇಲೆ ರೈಲು, ಗಿಲ್ಜುನ್, ಅಕ್ಕಿಯ ಗಂಟು, ಎಲ್ಲವನ್ನೂ ಹೇಳಿದರು. ಅವರು ಒಮ್ಮೆಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಮೇಜಿಗೆ ನಾನು ಹೆದರಲ್ಲ ದೊಡ್ಡಮ್ಮ. ನೂಲು ಹಿಡಿದೋನು ಹೋದ. ಏನೂ ಹಿಡೀದೋಳು ಇಪ್ಪತ್ತು ವರ್ಷದಿಂದ ನನ್ನ ಕಣ್ಮುಂದೆ ಓಡಾಡ್ತಿದಾಳೆ. ಆದ್ರೆ ಹಾಕಿದ್ವಿ ಅಂತೀರಲ್ಲ, ಅದನ್ನ ನನ್ನ ಕೈಲಿ ಕೇಳೋಕಾಗಲ್ಲ. ಇದ್ದದ್ದು ಎರಡು ಸೇರು. ಅದು ಇವಳ ಮೇಜಿಗೆ ಹೋಯ್ತು ಅಂದ್ರೆ ಅವನ ಮುಂದೆ ಅನ್ನ ಇಡಲಿಲ್ಲ ಅಂತ ಆಗುತ್ತೆ. ನಾನು ಇಟ್ಟಿದ್ದೆ."

ಖೆಗಾಯ್ ಅಜ್ಜಿ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ಈಗ ಎದ್ದು ಬಾಗಿಲು ತೋರಿಸುತ್ತಾಳೆಂದು ನಾನು ಪಾತ್ರೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನಮ್ಮ ಹುಡುಗನ ಮನೇಲಿ ಪುಸ್ತಕ ಯಾವ್ದಾದ್ರೂ ಕಾಣುತ್ತಾ ನಿಂಗೆ?" ಎಂದು ಅವಳು ನನ್ನನ್ನು ಕೇಳಿದಳು.

ನಾನು ಸುತ್ತ ನೋಡಿದೆ. ಟ್ರ್ಯಾಕ್ಟರಿನ ಒಂದು ಬೆಲ್ಟು ಗೋಡೆಗೆ ನೇತಾಡುತ್ತಿತ್ತು.

"ಇವನಿಗೂ ಹಾಕಿಲ್ಲ ಕಣಮ್ಮ. ರೈಲು ಇಳಿಸಿದ ಮೇಲೆ, ಮೊದಲ ಚಳಿಗಾಲ. ನೆಲ ಅಗೆದು ಗುಂಡಿಯೊಳಗಿದ್ವಿ. ಇವನ ತಾಯಿ ಜ್ವರದಲ್ಲಿದ್ಲು. ವರ್ಷ ತುಂಬಿದ್ದು ಯಾವತ್ತು ಅಂತಾನೂ ನಂಗೆ ಸರಿಯಾಗಿ ಗೊತ್ತಿಲ್ಲ. ಪುಸ್ತಕ ಹಿಡಿದಿದ್ದು ನನ್ನ ತಮ್ಮನ ಮಗ. ಅವನದ್ದನ್ನ ಎರವಲು ತಗೊಂಡೆ." ಅವಳು ಮೊರದ ಕಾಳನ್ನು ಬೆರಳಿಂದ ಕೆದಕಿದಳು. "ಒಂದು ತಿಂಗಳಿಂದ ನಿದ್ದೆ ಇಲ್ಲ ನಂಗೆ. ನೀವು ಪತ್ತೆ ಮಾಡ್ಕೊಂಡು ಸಂಬಂಧ ಬಿಟ್ರೆ ಅಂತ."

ಅತ್ತೆ ಅವಳನ್ನೇ ನೋಡುತ್ತಿದ್ದರು. ಆಮೇಲೆ ಇಬ್ಬರೂ ನಗತೊಡಗಿದರು. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ನನಗೆ ಹೇಳಲಾಗದು. ಕಡುಬು ನಾನೇ ಎರಡು ತಿಂದೆ. ಮೆಣಸು ನಿಜಕ್ಕೂ ಜಾಸ್ತಿಯಾಗಿತ್ತು.

ಮುಂದೇನು ಎಂಬುದಕ್ಕೆ ಎರಡು ಮನೆಯ ಅಜ್ಜಿಯರು ನಮ್ಮ ಅಂಗಳದಲ್ಲಿ ಕೂತು ಪಂಚಾಯಿತಿ ಮಾಡಿದರು. ಮೊದಲ ಅರ್ಧ ದಿನ ಮೊದಲು ಸುಳ್ಳು ಹೇಳಿದ್ದು ಯಾರೆಂಬ ವಾದದಲ್ಲೇ ಕಳೆಯಿತು.

"ನೀನು ಕೇಳಿದ್ದಕ್ಕಲ್ವಾ ನಾನು ಹೇಳಿದ್ದು" ಎಂದರು ನಮ್ಮ ಅಜ್ಜಿ.

"ಕೇಳೋದು ಪದ್ಧತಿ. ಹೇಳೋದು ನಿನ್ನ ಕರ್ಮ."

"ಹೋಗ್ಲಿ, ಮೇಜನ್ನ ಈಗ ಹಾಕೋಣ. ಇಬ್ಬರಿಗೂ" ಎಂದರು ನಮ್ಮ ಅಜ್ಜಿ.

"ಇಪ್ಪತ್ತೊಂದು ವರ್ಷಕ್ಕೆ ಮೊದಲ ಮೇಜಾ? ಎಲ್ಲಾದ್ರೂ ಉಂಟಾ? ಕೋಳಿನೂ ನಗುತ್ತೆ."

"ನಗ್ಲಿ. ಆಮೇಲೆ ಅದನ್ನೇ ಬೇಯಿಸೋಣ."

ತೀರ್ಮಾನವಾಯಿತು. ಅಕ್ಟೋಬರ್ ಹದಿಮೂರು, ಕ್ಲಾರಾ ಹುಟ್ಟಿದ ದಿನವೇ. ಅದು ಗಿಲ್ಜುನ್ ಹೋದ ದಿನವೂ ಹೌದು, ಆದ್ದರಿಂದ ಆಗಬಹುದೇ ಎಂದು ಮಾವ ಅತ್ತೆಯನ್ನು ಮೆಲ್ಲಗೆ ಕೇಳಿದರು. "ಆಗುತ್ತೆ. ಇಬ್ಬರೂ ನನ್ನ ಮಕ್ಕಳೇ ತಾನೇ" ಎಂದರು ಅತ್ತೆ.

ನನ್ನ ಗಂಡ ಹನ್ನೊಂದರಂದು ಈರುಳ್ಳಿ ಮಾರಿ ಬಂದ. ಬಂದವನ ಕೈಗೆ ಅಜ್ಜಿ ಮರದ ಕೊಡತಿ ಕೊಟ್ಟರು. ಬೇಯಿಸಿದ ಅಂಟಕ್ಕಿಯನ್ನು ತೊಟ್ಟಿಯಲ್ಲಿ ಹಾಕಿ ಅವನೂ ಅಫನಾಸಿಯೂ ಬಡಿದರು, ನಾನು ಕೈ ಒದ್ದೆ ಮಾಡಿಕೊಂಡು ಹಿಟ್ಟು ಮಗುಚಿದೆ. "ಮೊದಲ ಮೇಜಿನ ಹಿಟ್ಟನ್ನ ಮಗುನೇ ಬಡಿಯೋದು ಇದೇ ಮೊದಲು" ಎಂದು ನನ್ನ ಗಂಡ ಅವನನ್ನು ಕಾಡಿಸಿದ.

ಹದಿಮೂರರ ಬೆಳಿಗ್ಗೆ ಅತ್ತೆ ಮೊದಲು ಗಿಲ್ಜುನನಿಗೆ ಅನ್ನ ಇಟ್ಟು ನಮಸ್ಕರಿಸಿದರು. ಪ್ರತಿ ವರ್ಷ ಈ ದಿನ ಗದ್ದೆಯಲ್ಲಿ ಒಬ್ಬರೇ ಇಡುತ್ತಿದ್ದರಂತೆ, ಈ ಸಲ ಅವರ ಪಕ್ಕದಲ್ಲಿ ಕ್ಲಾರಾಳೂ ನಮಸ್ಕರಿಸಿದಳು. ಅದಾದ ಮೇಲೆ ಗಿಡ್ಡ ಮೇಜನ್ನು ಕೋಣೆಯ ನಡುವೆ ತಂದು ಬಿಳಿ ಬಟ್ಟೆ ಹಾಸಿದೆವು. ಅಂಟಕ್ಕಿಯ ರೊಟ್ಟಿ ಮೂರು ತಟ್ಟೆ. ಅಕ್ಕಿ, ನೂಲು, ಕತ್ತರಿ, ಪೆನ್ಸಿಲ್. ಪುಸ್ತಕ ಮಾತ್ರ ಮನೆಯಲ್ಲಿ ಸಿಗದೆ ಮಾವ ಫಾರ್ಮಿನ ಕಚೇರಿಯಿಂದ ತಂದ ಟ್ರ್ಯಾಕ್ಟರ್ ಕೈಪಿಡಿಯನ್ನೇ ಇಟ್ಟೆವು. ಮಧ್ಯಾಹ್ನದೊಳಗೆ ಮುಗಿಯಬೇಕೆಂದು ಅಜ್ಜಿ ಎಲ್ಲರನ್ನೂ ಗದರಿಸುತ್ತಿದ್ದರು. ಕೋಣೆ ತುಂಬ ನೆರೆಹೊರೆಯವರು.

ಮಗುವನ್ನು ತಾಯಿ ಎತ್ತಿಕೊಂಡು ಮೇಜಿನ ಬಳಿಗೆ ತರುವುದು ಪದ್ಧತಿ. ಮೊದಲು ಅಫನಾಸಿಯ ಸರದಿ. ತಾಯಿಯಿಲ್ಲವಲ್ಲ, ಎತ್ತುವವರು ಯಾರು? "ನಾನೇ ಹೊರ್ತೀನಿ" ಎಂದು ಖೆಗಾಯ್ ಅಜ್ಜಿ ಸೊಂಟ ಕಟ್ಟಿದಳು. ಅವನು ಅವಳನ್ನೇ ಅನಾಮತ್ತಾಗಿ ಎತ್ತಿಕೊಂಡು ಮೇಜಿನ ಬಳಿ ತಂದಿಳಿಸಿದ. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವನು ಕೈಪಿಡಿ ಹಿಡಿದ. "ಪುಸ್ತಕ! ನಾನು ಹೇಳಿರಲಿಲ್ವಾ?" ಎಂದಳು ಖೆಗಾಯ್ ಅಜ್ಜಿ, ನಾಚಿಕೆಯಿಲ್ಲದೆ.

ಆಮೇಲೆ ಕ್ಲಾರಾ. ಅವಳು ತಾನೇ ನಡೆದು ಹೋಗಲು ಹೊರಟಳು. ಅತ್ತೆ ಅವಳ ಮುಂದೆ ಬಂದು ಬೆನ್ನು ತಿರುಗಿಸಿ ಬಗ್ಗಿದರು.

"ಹತ್ತು."

"ಬೇಡ ಅಮ್ಮ. ನಿನ್ನ ಸೊಂಟ ಹೋಗುತ್ತೆ."

"ಹತ್ತು ಅಂದೆ."

ಕ್ಲಾರಾ ತಾಯಿಯ ಕೊರಳು ಬಳಸಿದಳು. ಅತ್ತೆ ಅವಳಿಗಿಂತ ಒಂದು ಗೇಣು ಕುಳ್ಳು. ಬಾಗಿಲಿನಿಂದ ಮೇಜಿಗೆ ಎಂಟು ಹೆಜ್ಜೆ. ಉಪ್ಪುಮೂಟೆ ಆಡುವ ಮಕ್ಕಳ ಹಾಗೆ ಕ್ಲಾರಾಳ ಕಾಲು ನೆಲಕ್ಕೆ ಎಳೆಯುತ್ತಿತ್ತು. ಮೊದಲ ಎರಡು ಹೆಜ್ಜೆಗೆ ಜನ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಐದನೇ ಹೆಜ್ಜೆಗೆ ಅತ್ತೆ ಒಂದು ಪಕ್ಕಕ್ಕೆ ವಾಲಿದರು. ನನ್ನ ಗಂಡ ಹಿಡಿಯಲು ಮುಂದೆ ಬಂದರೆ ಮಾವ ಅವನ ತೋಳು ಹಿಡಿದು ನಿಲ್ಲಿಸಿದರು. ಮೇಜಿನ ಮುಂದೆ ಅತ್ತೆ ಮಂಡಿಯೂರಿ ಮಗಳನ್ನು ಇಳಿಸಿ, ಅವಳ ಎದುರಿಗೇ ಕೂತುಬಿಟ್ಟರು.

"ಕತ್ತರಿ ಹಿಡಿಯೇ, ಕತ್ತರಿ" ಎಂದು ನಮ್ಮ ಅಜ್ಜಿ ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು.

ಕ್ಲಾರಾ ಕತ್ತರಿ ಮುಟ್ಟಲಿಲ್ಲ. ಕೈ ಚಾಚಿ ತಾಯಿಯ ಬೆರಳು ಹಿಡಿದಳು.

"ಅದು ನಡೆಯಲ್ಲ" ಎಂದಳು ಖೆಗಾಯ್ ಅಜ್ಜಿ, ಮೂಗು ಎಳೆದುಕೊಳ್ಳುತ್ತಾ. "ಮೇಜಿನ ಮೇಲೆ ಇರೋದನ್ನೇ ಹಿಡೀಬೇಕು."

ಅತ್ತೆ ಮಗಳ ಹಿಡಿತದಿಂದ ಬೆರಳು ಬಿಡಿಸಿಕೊಂಡರು. ನೂಲಿನ ಉಂಡೆಯನ್ನು ಒಂದಿಷ್ಟು ಆಚೆ ಸರಿಸಿ, ಅದು ಇದ್ದ ಜಾಗದಲ್ಲಿ ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟರು.

"ಈಗ ಹಿಡಿ" ಎಂದರು.